ಬಾಗಿಲು ಹಾಕಿ ಉಣಿಸಿದ ಕೂಸು

ಮನೆಯ ಕೂಸಿಗೆ ತುತ್ತು ಉಣಿಸುವ ಹೊತ್ತು ಬಂತೆಂದರೆ ಸಾಕು, ದೊಡ್ಡವರ ಬುದ್ಧಿ ಹುಲ್ಲು ಮೇಯಲು ಹೋಗುತ್ತದೆ. ಎಲ್ಲರ ಮನೆಯಲ್ಲೂ ಆಗುವಂಥದೇ; ನಮ್ಮಲ್ಲಿ ತುಸು ಹೆಚ್ಚಾಯಿತು.

ಆಗ ನನಗೆ ಹದಿನೆಂಟೋ ಹತ್ತೊಂಬತ್ತೋ. ಬೈಲಹೊಂಗಲದಲ್ಲಿ ನಮ್ಮವರದು ಅರಳೆಯ ವ್ಯಾಪಾರ. ಸವದತ್ತಿ, ರಾಮದುರ್ಗದ ಕಡೆಯಿಂದ ಗಾಡಿಗಟ್ಟಲೆ ಅರಳೆ ಬಂದು ಇಳಿಯುತ್ತಿತ್ತು. ಅದರ ಎಳೆಗಳು ಮನೆಯೊಳಗೂ ತೇಲಿ ಬಂದು, ಬೆಳಕಿಂಡಿಯ ಬಿಸಿಲಿನಲ್ಲಿ ಕೆಳಗಿಳಿಯಲೊಲ್ಲದೆ ಆಡುತ್ತಿದ್ದವು. ಏಳು ತಿಂಗಳ ಮಗಳು ತೊಡೆಯ ಮೇಲೆ ಮಲಗಿ ಅವನ್ನು ನೋಡುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ. ಆ ದಿನಗಳನ್ನೆಲ್ಲ ಅರ್ಧ ನಿದ್ದೆಯಲ್ಲೇ ಕಳೆದೆನೇನೋ ಅನ್ನಿಸುತ್ತದೆ.

ನಮ್ಮ ಅತ್ತೆಯದೊಂದು ಕಟ್ಟಳೆ ಇತ್ತು. ಕೂಸು ಉಣ್ಣುವುದನ್ನು ಯಾರೂ ನೋಡಬಾರದು, ದೃಷ್ಟಿ ತಾಗುತ್ತದೆ. ಬೇರೆಯವರು ಉಣ್ಣುವುದನ್ನು ಕೂಸೂ ನೋಡಬಾರದು, ಆಸೆಬುರುಕಿ ಆಗುತ್ತದೆ. ಹೀಗಾಗಿ ಉಣ್ಣುವುದು ಅಂದರೇನು ಎಂಬುದೇ ನನ್ನ ಮಗಳಿಗೆ ಗೊತ್ತಿರಲಿಲ್ಲ. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಅಯ್ಯನವರ ಹಣೆ

ಮೊದಲ ತುತ್ತಿಗೆ ಮಠದ ಅಯ್ಯನವರು ಒಳ್ಳೆಯ ಹೊತ್ತು ನೋಡಿಕೊಟ್ಟರು. ಬಾಗಿಲಿಗೆ ಅಗಳಿ ಬಿತ್ತು, ಕಿಟಕಿಗೆ ಕೌದಿ ಬಿತ್ತು. ಬೆಳ್ಳಿ ಬಟ್ಟಲಲ್ಲಿ ಬೆಲ್ಲ ಹಾಕಿದ ತೆಳ್ಳನೆಯ ಸಜ್ಜಕ. ಅಯ್ಯನವರು ಬಾಗಿ, ಬೆರಳ ತುದಿಯಲ್ಲಿ ಒಂದಿಷ್ಟು ಅವಳ ತುಟಿಗೆ ಹಚ್ಚಿದರು. ಮಗಳು ಕಣ್ಣು ಅರೆಮುಚ್ಚಿ ಬಹಳ ಹೊತ್ತು ಯೋಚನೆ ಮಾಡಿದಳು. ಆಮೇಲೆ ಫುರ್ ಎಂದು ಉಗುಳಿದಳು. ವಿಭೂತಿಯ ಮೂರು ಪಟ್ಟಿಗಳ ಕೆಳಗೆ ಸಜ್ಜಕದ ನಾಲ್ಕನೆಯ ಪಟ್ಟಿ ಮೂಡಿತು.

ನಾನು ನಾಚಿ ನೀರಾದೆ. ಅಯ್ಯನವರು ಶಲ್ಯದಿಂದ ಹಣೆ ಒರೆಸಿಕೊಂಡು ಅತ್ತೆಗೆ ಹೇಳಿದರು, "ಕೂಸಿಗೆ ಸಂಸ್ಕಾರ ಐತಿ ನೋಡ್ರಿ. ತಾ ಉಣ್ಣೂದಕ್ಕಿಂತ ಮೊದಲ ಗುರುವಿಗೆ ಎಡಿ ಮಾಡೇತಿ!"

ಸೋಮವಾರದ ಗಂಜಿ

ಬೆಳಕಿದ್ದದ್ದೇ ತಪ್ಪಾಯಿತೆಂದು ಅತ್ತೆ ಊಟವನ್ನು ಒಳಕೋಣೆಗೆ ಸಾಗಿಸಿದರು. ಕಾಳಿನ ಕಣಜದ ಹಿಂದೆ ನಡುಹಗಲಲ್ಲೂ ಗವ್ವೆನ್ನುವ ಕತ್ತಲು. ಹಳೆಯ ಜೋಳದ ತಂಪು ವಾಸನೆಗೆ ನನಗೇ ಕಣ್ಣು ಕೂರುತ್ತಿತ್ತು. ಕೂಸು ಬಾಯಿ ಬಿಡಲಿ ಎಂದು ಅತ್ತೆ ಅದರ ಮುಖದ ಹತ್ತಿರ ತಾವೇ "ಆ... ಆ..." ಎಂದು ಬಾಯಿ ತೆರೆದು ತೋರಿಸುತ್ತಿದ್ದರು. ತೋರಿಸಿದ್ದು ಕತ್ತಲಲ್ಲಿ ಯಾರಿಗೆ ಕಾಣಬೇಕು? ನಾನು ದನಿ ಬಂದ ಕಡೆಗೆ ಕೂಸಿಗೆ ಉಣಿಸುವ ಮಿಳ್ಳಿ ತುಂಬ ಗಂಜಿ ಸುರಿದೆ.

ಗುಟುಕ್ ಎಂದು ನುಂಗಿದ ಸದ್ದಾಯಿತು. ನನಗೆ ಆನಂದವೋ ಆನಂದ.

"ನುಂಗಿತ್ರೀ ಅತ್ತಿ!" ಎಂದೆ.

ಕತ್ತಲಿನಿಂದ ಅತ್ತೆಯ ದನಿ ಬಂತು. "ಸೋಮವಾರದ ಉಪಾಸನೂ ಕೆಡಿಸಿದಿ, ಗಂಜಿಗೆ ಉಪ್ಪೂ ಹಾಕಿಲ್ಲ!"

ಮೆಣಸಿನಕಾಯಿಯ ಸಾಕ್ಷಿ

ನಗು ಅಲ್ಲಿಗೇ ನಿಂತಿತು. ನನ್ನ ಹಾಲು ಕಡಿಮೆಯಾಗುತ್ತ ಬಂದಿತ್ತು. ತವರಿನವರು ಹಾಕಿದ ಬೆಳ್ಳಿ ಕಡಗ ಮಗಳ ಮುಂಗೈಯಿಂದ ತಾನಾಗಿ ಜಾರಿ ಬಿತ್ತು. ಅದನ್ನು ಎತ್ತಿಟ್ಟು ನಾನು ಕಣ್ಣೀರು ಹಾಕಿದೆ. ಅವಳನ್ನು ಎಲ್ಲಿ ಕಳೆದುಕೊಳ್ಳುತ್ತೇನೋ ಎಂಬ ಭಯ ಹಗಲೂ ಬಿಡುತ್ತಿರಲಿಲ್ಲ.

ಅತ್ತೆಗೂ ದಿಗಿಲು ಹತ್ತಿತು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ಆಗಿದೆ ಎಂದೂ, ಬಂದರೆ ಆಗಿಲ್ಲವೆಂದೂ ಲೆಕ್ಕ. ಎಂಥ ಘಾಟು! ನಾನು ಕೆಮ್ಮಿದೆ, ಅಂಗಡಿಯಲ್ಲಿ ನಮ್ಮವರು ಕೆಮ್ಮಿದರು, ಅರಳೆ ಇಳಿಸುತ್ತಿದ್ದ ಹಮಾಲರು ಬೀದಿಗೆ ಓಡಿದರು.

ನಮ್ಮವರು ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದರು. "ಅವ್ವಾ, ದೃಷ್ಟಿ ಆಗಿಲ್ಲಂತ ಮೆಣಸಿನಕಾಯೇ ಸಾಕ್ಷಿ ಹೇಳಾಕತ್ತೇತಿ. ಇನ್ನರ ಬಾಗಿಲಾ ತಗಿ."

ಅತ್ತೆ ಕೆಮ್ಮುತ್ತಲೇ ಅಂದರು, "ನಿನಗೇನ ತಿಳೀತೈತಿ? ಮೆಣಸಿನಕಾಯಿಗೇ ದೃಷ್ಟಿ ಆಗೇತಿ!"

ಕಟ್ಟೆಯ ಮೇಲಿನ ಆಯಿ

ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಉದ್ದನೆಯ ಕಟ್ಟೆ. ಪಕ್ಕದಲ್ಲಿದ್ದದ್ದು ಒಬ್ಬಂಟಿ ಮುದುಕಿ. ಎಲ್ಲರೂ ಆಯಿ ಅನ್ನುತ್ತಿದ್ದರು. ಮಕ್ಕಳಿರಲಿಲ್ಲ, ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಅವಳ ಕಣ್ಣು ಕೆಟ್ಟದ್ದೆಂದು ಓಣಿಯೆಲ್ಲ ಗುಲ್ಲು. ಅವಳು ಕಟ್ಟೆಗೆ ಬಂದಳೆಂದರೆ ಅತ್ತೆ ಧಡಕ್ಕನೆ ಬಾಗಿಲು ಹಾಕುತ್ತಿದ್ದರು. ಆ ಸದ್ದು ಕೇಳಿ ನನ್ನ ಜೀವ ಚುರ್ ಎನ್ನುತ್ತಿತ್ತು, ಆದರೆ ಸೊಸೆಯ ಬಾಯಿಗೆ ಅಗಳಿ.

ಒಂದು ದಿನ ಅತ್ತೆ ಸಂಪಗಾಂವಿಗೆ ತಂಗಿಯ ಮನೆಗೆ ಹೋದರು. ಮಧ್ಯಾಹ್ನದ ಸೆಕೆ, ಅರಳೆಯ ಎಳೆಗಳು ತೇಲುತ್ತಿದ್ದವು, ಬಾಗಿಲು ತೆರೆದೇ ಇತ್ತು. ಮಗಳನ್ನು ತೊಡೆಯ ಮೇಲಿಟ್ಟುಕೊಂಡೇ ನಾನು ತೂಕಡಿಸಿದೆ. ಎಚ್ಚರಾದಾಗ ತೊಡೆ ಖಾಲಿ.

ಹೊರಗೆ ಓಡಿದೆ. ಕಟ್ಟೆಯ ಮೇಲೆ ಆಯಿ ಊಟಕ್ಕೆ ಕುಳಿತಿದ್ದಳು. ತಾಟಿನಲ್ಲಿ ಮಜ್ಜಿಗೆಯಲ್ಲಿ ನೆನೆಸಿ ಮೆತ್ತಗೆ ಕಿವುಚಿದ ರೊಟ್ಟಿ. ಹೊಸ್ತಿಲು ದಾಟಿ ಅಂಬೆಗಾಲಿಟ್ಟು ಹೋದ ನನ್ನ ಮಗಳು ಅವಳ ಎದುರಿಗೇ ಕುಳಿತು, ಆಯಿಯ ಬಾಯಿ ಆಡಿದಂತೆ ತನ್ನ ಬಾಯಿ ಆಡಿಸುತ್ತಿದ್ದಳು. ಹಲ್ಲಿಲ್ಲದ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಮೆಲ್ಲುತ್ತಿದ್ದರು. ಕೂಸಿನ ಗದ್ದದ ತುಂಬ ರೊಟ್ಟಿ.

ನನ್ನನ್ನು ಕಂಡು ಆಯಿ ಕೈಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. "ನಾ ಕರೀಲಿಲ್ಲವ್ವಾ, ತಾನ ಬಂತು" ಎಂದಳು.

ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. "ಆಯಿ, ಇನ್ನೊಂದು ತುತ್ತು ಹಾಕ್ರಿ" ಎಂದೆ. ಮಗಳು ಐದು ತುತ್ತು ತಿಂದಳು. ಒಂದೊಂದನ್ನೂ ನಾನು ದೇವರ ಪ್ರಸಾದದಂತೆ ನೋಡಿದೆ.

ಸಂಜೆ ಅತ್ತೆ ಬಂದ ಕೂಡಲೇ ಎಲ್ಲ ಹೇಳಿಬಿಟ್ಟೆ. ಮರುದಿನ ಅವರೂ ಮಜ್ಜಿಗೆ ರೊಟ್ಟಿಯನ್ನೇ ಕಿವುಚಿಕೊಂಡು ಕೂಸನ್ನು ಕಣಜದ ಹಿಂದೆ ಒಯ್ದರು. ಕೂಸು ತುಟಿ ಬಿಚ್ಚಲಿಲ್ಲ. ಎರಡು ಸಲ ನೋಡಿದರು, ಮೂರು ಸಲ ನೋಡಿದರು. ಕಡೆಗೆ ಎದ್ದು ಬಂದು, ತಾವೇ ಬಾಗಿಲು ತೆಗೆದು, ಓಣಿಗೆಲ್ಲ ಕೇಳುವಂತೆ ಆಯಿಯನ್ನು ಕೂಗಿದರು.

"ಅಕ್ಕಾರ, ಉಣ್ಣೂ ಹೊತ್ತಾತು. ಲಗೂನ ಬರ್ರಿ, ನಮ್ಮ ಕೂಸಿನ ಮ್ಯಾಲ ಒಂದೀಟ ಕಣ್ಣ ಹಾಕಬರ್ರಿ!"

ಆಯಿ ಒಳಗಿನಿಂದಲೇ ಕೇಳಿದಳು, "ಬರೇ ಕಣ್ಣ ತರಲೇನವ್ವಾ, ತಾಟೂ ತರಲೇನು?"