ತಾರಸಿಯ ಮೇಲೆ ಒಂದು ದಿನದ ದಂಡಯಾತ್ರೆ

ಮುಂದಾಳುತನ ನನಗೆ ಹುಟ್ಟಿನಿಂದಲೇ ಬಂದದ್ದು ಎಂದು ನಾನು ನಂಬಿದ್ದೇನೆ. ನಂಬದವರು ಇಬ್ಬರೇ: ನನ್ನ ಗಂಡ ಮತ್ತು ನನ್ನ ಅತ್ತೆ. ಮದುವೆಮನೆಯಲ್ಲಿ ಪಂಕ್ತಿಗೆ ಜನರನ್ನು ಕೂರಿಸುವುದಿರಲಿ, ಬಸ್ಸಿನ ಬಾಗಿಲಲ್ಲಿ ನಿಂತವರನ್ನು ಒಳಕ್ಕೆ ಸರಿಸುವುದಿರಲಿ, ಯಾರೂ ಕೇಳದಿದ್ದರೂ ನಾನು ವಹಿಸಿಕೊಳ್ಳುತ್ತೇನೆ. ಆದ್ದರಿಂದ, ಮಕ್ಕಳನ್ನು ಬೆಟ್ಟಗುಡ್ಡಕ್ಕೆ ಕರೆದೊಯ್ಯಲು ಒಬ್ಬ ಟೀಚರಿಗೆ ತರಬೇತಿ ಕೊಡಿಸುತ್ತೇವೆ ಎಂದು ನಮ್ಮ ಶಾಲೆಯಲ್ಲಿ ಹೇಳಿದಾಗ ಗಣಿತದ ಟೀಚರಾದ ನಾನು ಕೈ ಎತ್ತಿದೆ. ಬೇರೆ ಯಾರೂ ಎತ್ತಲಿಲ್ಲ. ಅದನ್ನು ನನ್ನ ಅರ್ಹತೆಗೆ ಸಂದ ಗೌರವವೆಂದೇ ತಿಳಿದೆ.

ಎರಡು ಭಾನುವಾರ ಕೆಂಗೇರಿಯಾಚೆಯ ಬಂಡೆಗಳ ಮೇಲೆ ದೇವಯ್ಯ ಸಾರ್ ನಮಗೆ ಹಗ್ಗದ ಗಂಟು, ದಿಕ್ಸೂಚಿ ಎಲ್ಲ ಕಲಿಸಿದರು. ಮೂರನೆಯ ಭಾನುವಾರ ಬರುವಷ್ಟರಲ್ಲಿ ಕೊರೋನಾ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ತರಬೇತಿ ನಿಂತುಹೋಯಿತೆಂದು ನನ್ನ ಗಂಡ ಸಂತೋಷವನ್ನು ಮರೆಮಾಚುತ್ತಿರುವಾಗಲೇ ದೇವಯ್ಯ ಸಾರ್ ಮೊಬೈಲಿನಲ್ಲಿ ಪಾಠ ಮುಂದುವರಿಸಿದರು. ಬೆಟ್ಟವಿಲ್ಲದಿದ್ದರೇನು, ಮನೆಯಲ್ಲಿ ಜನ ಇದ್ದಾರಲ್ಲ, ಅವರನ್ನೇ ಮುನ್ನಡೆಸಿ ಅಂದರು. ಹಾಗಾಗಿ ವಿಜಯನಗರದ ನಮ್ಮ ಮೆಟ್ಟಿಲುಗಳೇ ಬೆಟ್ಟವಾದವು. ನನ್ನ ಗಂಡ ಬೆನ್ನಿಗೆ ಹತ್ತು ಕಿಲೋ ಅಕ್ಕಿ ಕಟ್ಟಿಕೊಂಡು ದಿನಾ ಅವನ್ನು ಹತ್ತಿಳಿದರು. ಮೇಲೆ ಇಸ್ತ್ರಿ ಶರ್ಟು, ಕೆಳಗೆ ಲುಂಗಿ. ಆಫೀಸಿನ ಮೀಟಿಂಗು ಯಾವಾಗ ಶುರುವಾಗುತ್ತದೋ ಹೇಳಲಾಗದು ಎಂದು.

ಕೊನೆಯ ಪರೀಕ್ಷೆ, ಒಂದು ಇಡೀ ದಿನ ತಂಡವನ್ನು ಬಯಲಿನಲ್ಲಿ ನಡೆಸಿ ವರದಿ ಬರೆಯುವುದು. ಬಯಲಿಲ್ಲದವರಿಗೆ ತಾರಸಿಯಾದರೂ ನಡೆಯುತ್ತಿತ್ತು. ಆ ಭಾನುವಾರ ಬೆಳಿಗ್ಗೆ ನಾನು ಮೇಲೆ ಹೋಗುವಷ್ಟರಲ್ಲಿ ಅತ್ತೆ ಅರ್ಧ ತಾರಸಿಗೆ ಅಕ್ಕಿ ಸಂಡಿಗೆ ಹಾಕಿಬಿಟ್ಟಿದ್ದರು. ಉಳಿದರ್ಧದಲ್ಲಿ, ಬಟ್ಟೆ ಒಣಹಾಕುವ ತಂತಿಗೆ ಹೊದಿಕೆ ಬಿಗಿದು ಡೇರೆ ಮಾಡಿದೆ. ಗಂಟುಗಳೆಲ್ಲ ಶಾಸ್ತ್ರೋಕ್ತ. ಪಕ್ಕದಲ್ಲೇ ತರಬೇತಿಯ ಸೀಟಿ, ಹಗ್ಗ. ಗಂಡ, ಅತ್ತೆ ಇಬ್ಬರದೇ ತಂಡ; ಅದರ ಗಮನ ಚದುರಬಾರದೆಂದು ಎಲ್ಲರ ಫೋನನ್ನೂ ಕೆಳಗೆ ಮನೆಯಲ್ಲಿಡಿಸಿದೆ. ಊಟವೂ ಕೆಳಗೇ ಇತ್ತು. ಹೊತ್ತಿಗೆ ಸರಿಯಾಗಿ ಗಂಡ ತರಬೇಕೆಂದು ಏರ್ಪಾಡು. ಮೇಲೆ ಒಯ್ಯುವ ಸಾಮಾನಿನ ಪಟ್ಟಿಯಲ್ಲಿ ಗ್ಲೂಕೋಸ್ ಪೊಟ್ಟಣ ಎಂದು ನಾನೇ ಬರೆದಿದ್ದೆ. ಹದಿನೆಂಟು ಮೆಟ್ಟಿಲಿಗೆ ಗ್ಲೂಕೋಸ್ ಯಾಕೆ ಎಂದು ನಾನೇ ಹೊಡೆದುಹಾಕಿದೆ.

ಹನ್ನೆರಡರ ಸುಮಾರಿಗೆ ಎಲ್ಲಿತ್ತೋ, ಒಂದು ಗಾಳಿ ಬೀಸಿತು. ತಾರಸಿಯ ತಗಡಿನ ಬಾಗಿಲು ದಢಾರನೆ ಮುಚ್ಚಿಕೊಂಡು, ಮೆಟ್ಟಿಲ ಕಡೆಯ ಚಿಲಕ ತಾನಾಗಿ ಬಿತ್ತು. ಗಂಡ ತಳ್ಳಿದರು, ನಾನು ತಳ್ಳಿದೆ, ಇಬ್ಬರೂ ಸೇರಿ ತಳ್ಳಿದೆವು. ನೆಲಮಹಡಿಯ ಬಾಡಿಗೆಯವರು ಲಾಕ್‌ಡೌನಿಗೆ ಮುಂಚೆಯೇ ಹಾವೇರಿಗೆ ಹೋಗಿದ್ದರು. ಗೇಟಿಗೆ ಬೀಗ, ಅದರ ಕೀಲಿ ನನ್ನ ಕೊರಳಲ್ಲಿ.

ನಾನು ಧೃತಿಗೆಡಲಿಲ್ಲ. ಅಪಾಯದಲ್ಲಿರುವವರು ನಿಮಿಷಕ್ಕೆ ಆರು ಸಲ ಸೀಟಿ ಊದಬೇಕೆಂದು ಪಾಠವಾಗಿತ್ತು. ಕೆಳಗೆ ಬೀದಿಯಲ್ಲಿ ಸೊಪ್ಪಿನ ಸಾಕಮ್ಮ ಗಾಡಿ ನಿಲ್ಲಿಸಿದ್ದಳು, ಸುತ್ತ ನಾಲ್ಕು ಜನ. ಎದೆ ತುಂಬ ಉಸಿರೆಳೆದು ಊದಿದೆ. ಪೊಲೀಸರೇ ಬಂದರೆಂದು ನಾಲ್ವರೂ ನಾಲ್ಕು ಗೇಟುಗಳೊಳಗೆ ಮಾಯವಾದರು. ಒಬ್ಬರ ಒಂದು ಚಪ್ಪಲಿ ನಡುರಸ್ತೆಯಲ್ಲೇ ಉಳಿಯಿತು. ಸಾಕಮ್ಮ ಗಾಡಿಯನ್ನು ಅಡ್ಡರಸ್ತೆಗೆ ತಳ್ಳಿಕೊಂಡು ಹೋದಳು. ಕೇಳಿಸಲಿಲ್ಲವೇನೋ ಎಂದು ಇನ್ನೂ ಐದು ಸಲ ಊದಿದೆ. ತೆರೆದಿದ್ದ ಕಿಟಕಿಗಳೂ ಮುಚ್ಚಿಕೊಂಡವು.

ಹಾಗಾದರೆ ಹಗ್ಗ ಹಿಡಿದು ನಮ್ಮ ಬಾಲ್ಕನಿಗೆ ಇಳಿಯುತ್ತೇನೆ ಎಂದು ಸಾರಿದೆ. ಅದುವರೆಗೆ ನಾನು ಇಳಿದದ್ದು ಆಳೆತ್ತರದ ಒಂದು ಬಂಡೆ, ಅದೂ ದೇವಯ್ಯ ಸಾರ್ ಸೊಂಟದ ಪಟ್ಟಿ ಹಿಡಿದುಕೊಂಡಿದ್ದಾಗ. ನೀರಿನ ತೊಟ್ಟಿಯ ಕಂಬಕ್ಕೆ ಗಂಟು ಹಾಕುತ್ತಿದ್ದವಳ ಕೈಯನ್ನು ಗಂಡ ಹಿಡಿದುಕೊಂಡರು.

"ಬೇಡ ಸುಮಾ," ಅಂದರು. "ನಾನು ತಮಾಷೆ ಮಾಡ್ತಿಲ್ಲ. ಅಮ್ಮನ ಕೈ ನೋಡು."

ಡೇರೆಯ ನೆರಳಲ್ಲಿ ಕೂತಿದ್ದ ಅತ್ತೆಯ ಬೆರಳುಗಳು ನಡುಗುತ್ತಿದ್ದವು, ಹಣೆಯಲ್ಲಿ ಬೆವರು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡಿದ್ದರು. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಅವರಿಗೆ ಹೀಗಾಗುತ್ತದೆಂದು ನನಗೆ ಗೊತ್ತಿತ್ತು. ಹೊಡೆದುಹಾಕಿದ ಗ್ಲೂಕೋಸ್ ಕಣ್ಣ ಮುಂದೆ ಬಂತು. ಅಷ್ಟು ಹೊತ್ತೂ ಹೆದರದಿದ್ದವಳು ಆಗ ಹೆದರಿದೆ. ಕಲಿತದ್ದೆಲ್ಲ ಮರೆತು, ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟೆ.

ಅತ್ತೆ ನಿಲ್ಲಲಿಲ್ಲ. ಅರೆ ಒಣಗಿದ ಸಂಡಿಗೆ ಎಬ್ಬಿಸಿಕೊಡು ಎಂದು ಮಗನಿಗೆ ಹೇಳಿ, ಹಿಟ್ಟುಹಿಟ್ಟಾಗಿದ್ದರೂ ಒಂದೊಂದಾಗಿ ನೀರಿನ ಜೊತೆ ನುಂಗಿದರು. ಎರಡು ಸಾಲು ಖಾಲಿಯಾಗಿ, ನಡುಕ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ನನ್ನ ಕಡೆ ತಿರುಗಿದರು.

"ಮೊದ್ಲು ಆ ಪೀಪಿ ಕೆಳಗಿಡು," ಅಂದರು. "ಹಗ್ಗದ ತುದೀಗೆ ಗೇಟಿನ ಕೀಲಿ ಕಟ್ಟು. ನಿನ್ನ ಕಟ್ಕೊಬ್ಯಾಡ."

ಅವರ ಹಿರಿಯರು ಇಲ್ಲೆಲ್ಲ ರಾಗಿ ಬೆಳೆದವರು. ಹೊಲದ ಈ ತುದಿಯಿಂದ ಆ ತುದಿಗೆ ಮಾತಾಡಿದ ಗಂಟಲು ಈಗಲೂ ಹಾಗೇ ಇದೆ. ಅತ್ತೆ ಮಗನ ಭುಜ ಹಿಡಿದು ಪ್ಯಾರಾಪೆಟ್ಟಿನ ಹತ್ತಿರ ಬಂದು, ಅಡ್ಡರಸ್ತೆಯ ಕಡೆಗೆ ಮುಖ ಮಾಡಿ, "ಸಾಕಮ್ಮಾ, ದಂಟಿನ ಸೊಪ್ಪು ಐತಾ?" ಎಂದು ಕೇಳಿದರು.

ಸಾಕಮ್ಮ ಬಂದಳು. ಅವಳ ಹಿಂದೆ ಆ ನಾಲ್ವರೂ ಬಂದರು, ಒಬ್ಬರು ಬರಿಗಾಲಲ್ಲಿ. ಅತ್ತೆ ವಿಷಯ ಹೇಳಿದರು, ನಾನು ಕೀಲಿ ಇಳಿಬಿಟ್ಟೆ. ಸಾಕಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದು ಚಿಲಕ ತೆಗೆದು, ದೂರ ಸರಿದು ನಿಂತು, ಎಷ್ಟು ಕಟ್ಟು ಬೇಕಮ್ಮ ಅಂದಳು. ಗಂಡ ಅವಳನ್ನು ದಾಟಿಕೊಂಡು ಕೆಳಗೆ ಓಡಿ ಸಕ್ಕರೆ ನೀರು ತಂದರು. ಸ್ವಲ್ಪ ಹೊತ್ತಿಗೆಲ್ಲ ಅತ್ತೆ ಅಡುಗೆಮನೆಯಲ್ಲಿ ಮುದ್ದೆ ಮುರಿಯುತ್ತಿದ್ದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ, ಎದ್ದು ಹೋಗಲು ಮನಸ್ಸಾಗದೆ. "ನೀನೂ ತಿನ್ನು, ಮುಖ ಬಾಡೋಗೈತೆ," ಅಂದರು.

ವರದಿಯಲ್ಲಿ ಹೇಗಾದರೂ ಬರೆಯಬಹುದಿತ್ತು. ಜವಾಬ್ದಾರಿಯನ್ನು ತಂಡದ ಹಿರಿಯ ಸದಸ್ಯೆಗೆ ಸಕಾಲದಲ್ಲಿ ವಹಿಸಿದೆ ಎಂದು ಮೊದಲು ಬರೆದೂ ಇದ್ದೆ. ಆಮೇಲೆ ಹರಿದುಹಾಕಿ, ಗ್ಲೂಕೋಸಿನಿಂದ ದಂಟಿನ ಸೊಪ್ಪಿನವರೆಗೆ ನಡೆದದ್ದನ್ನು ನಡೆದಂತೆ ಬರೆದು ಕಳಿಸಿದೆ. ಖಂಡಿತ ಫೇಲು ಎಂದುಕೊಂಡಿದ್ದೆ. ಪ್ರಮಾಣಪತ್ರ ಮೊಬೈಲಿಗೆ ಬಂತು, ಕೊನೆಯಲ್ಲಿ ದೇವಯ್ಯ ಸಾರ್ ಇಂಗ್ಲಿಷಿನಲ್ಲಿ ಷರಾ ಬರೆದಿದ್ದರು: ಈ ಅಭ್ಯರ್ಥಿಗೆ ಅಪಾಯದ ಅಂದಾಜು ಸಾಲದು, ಆದರೆ ತನಗಿಂತ ಸಮರ್ಥರು ಸಿಕ್ಕಿದಾಗ ಅವರು ಹೇಳಿದಂತೆ ಕೇಳುವ ಅಪರೂಪದ ಗುಣವಿದೆ; ಅಂಥವರನ್ನು ಸದಾ ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ನಾನು ಅದನ್ನು ಗಟ್ಟಿಯಾಗಿ ಇಂಗ್ಲಿಷಿನಲ್ಲೇ ಓದಿದೆ. ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಏನಂತೆ ಎಂದು ಅತ್ತೆ ಕೇಳಿದರು.

"ಒಳ್ಳೇ ಲೀಡರ್ ಅಂತೆ, ಅತ್ತೆ," ಅಂದೆ.

ಅತ್ತೆ ಕೈಯಲ್ಲಿದ್ದ ಸೊಪ್ಪು ಬಿಡಿಸುತ್ತಲೇ ಹೇಳಿದರು: "ಅಷ್ಟುದ್ದ ಓದಿದ್ದಕ್ಕೆ ಇಷ್ಟೇನಾ?"