ಬೀದರ್ ಕೋಟೆಯೂ ನನ್ನ ಪಿಯಾನೋವೂ

ರಾಜ್ಯಗಳ ಗಡಿ ಬದಲಾಗಿ, ನಮ್ಮ ಹುದಿಕೇರಿಯೂ ದೂರದ ಬೀದರವೂ ಒಂದೇ ಮೈಸೂರು ರಾಜ್ಯಕ್ಕೆ ಸೇರಿದವು. ಹೊಸ ನೆಂಟರನ್ನು ನೋಡಿಬರುವುದು ನನ್ನ ಕರ್ತವ್ಯವೆಂದು ತೀರ್ಮಾನಿಸಿ, ಕಾಫಿ ಕೊಯ್ಲು ಮುಗಿದೊಡನೆ ಬೀದರಿಗೆ ಹೋಗಿಬಂದೆ. ಸುಲ್ತಾನರ ಕಾಲದ ಕೋಟೆ, ಪಾಳುಬಿದ್ದ ಅರಮನೆ, ಸಾಲು ಗೋರಿಗಳು. ಇದನ್ನೆಲ್ಲ ಕಂಡವನು ಸುಮ್ಮನಿರುವುದು ಸರಿಯಲ್ಲ. ನಾನು ಸುಮ್ಮನಿರಲಿಲ್ಲ. ಮಳೆಗಾಲವಿಡೀ ಕೂತು ಪಿಯಾನೋಗೆ ‘ಬೀದರ್ ಕೋಟೆ’ ಎಂಬ ಸಂಗೀತ ಕೃತಿಯನ್ನೇ ರಚಿಸಿಬಿಟ್ಟೆ!

ಪಿಯಾನೋ, ಊರಿಗೆ ವಾಪಸು ಹೊರಟ ಇಂಗ್ಲಿಷ್ ದೊರೆಯಿಂದ ಎಸ್ಟೇಟಿನ ಜೊತೆಗೇ ಬಂದದ್ದು. ಥಂಡಿ ಹಿಡಿದು ಅದರ ನಾಲ್ಕು ಕೀಗಳು ಮೂಕವಾಗಿದ್ದವು. ಪ್ರತಿಭಾವಂತನಿಗೆ ಇದು ಅಡ್ಡಿಯೆ? ಗೋರಿಗಳ ಭಾಗ ಬಂದಾಗ ಆ ಮೂಕ ಕೀಗಳನ್ನೇ ಎರಡೂ ಕೈಯಿಂದ ಜೋರಾಗಿ ಒತ್ತುವುದು, ಸದ್ದೇ ಬಾರದಿರುವುದು. ಸತ್ತ ಸುಲ್ತಾನರು ಉತ್ತರ ಕೊಡುತ್ತಿಲ್ಲ ಎಂದು ಅದರ ಅರ್ಥ. ನನಗೇ ಕಣ್ಣು ತುಂಬಿಬರುತ್ತಿತ್ತು.

ಆಗಲೇ ನಮ್ಮ ಕಡೆಗೆ ರಸ್ತೆಯ ಹೊಸ ಎಂಜಿನಿಯರ್ ಬಂದರು. ಊರು ಬೀದರ್! ನಮ್ಮ ಎಸ್ಟೇಟಿಗೂ ನೆರೆಯ ಚಂಗಪ್ಪನವರ ಎಸ್ಟೇಟಿಗೂ ಇರುವುದು ಒಂದೇ ಕೆಸರು ದಾರಿ. ಅದಕ್ಕೆ ಕಲ್ಲು ಹಾಕಿಸಿಕೊಡಿ ಎಂದು ಕೇಳಿ ಕೇಳಿ ನಾವಿಬ್ಬರೂ ಸೋತಿದ್ದೆವು. ಎಂಜಿನಿಯರನ್ನೂ ಚಂಗಪ್ಪನವರನ್ನೂ ಊಟಕ್ಕೆ ಕರೆದೆ. ಊಟಕ್ಕೆ ಮುಂಚೆ ‘ಬೀದರ್ ಕೋಟೆ’ ನುಡಿಸುವುದೆಂದೂ ನಿಶ್ಚಯಿಸಿದೆ.

“ಊಟ ಹಾಕಿ ರಸ್ತೆ ಕೇಳಿ, ಸಾಕು. ಆ ಪೆಟ್ಟಿಗೆ ಎಂತಕ್ಕೆ?” ಎಂದಳು ನನ್ನ ಹೆಂಡತಿ ಸೀತೆ. ಕಲೆಯ ಮುಂದೆ ಕಲ್ಲುಗಳು ತಾವಾಗಿಯೇ ಬಂದು ಬೀಳುತ್ತವೆಂದು ಅವಳಿಗೆ ವಿವರಿಸಿದೆ.

ಅತಿಥಿಯನ್ನು ಕರೆತರಲು ನಾನು ಜೀಪಿನಲ್ಲಿ ವಿರಾಜಪೇಟೆಗೆ ಹೋದೆ. ಗಂಡನ ಮಾನ ಉಳಿಯಲಿ ಎಂದು ಸೀತೆ ಪಿಯಾನೋದ ಕೆಳಗೆ ಕೆಂಡದ ಬಾಣಲೆ ಇಟ್ಟು ಅದನ್ನು ಒಣಗಿಸಿದ್ದಳು. ಇದನ್ನು ನನಗೆ ಹೇಳಲು ಅವಳಿಗೆ ಸಮಯ ಸಿಗಲಿಲ್ಲ. ಬಂದವನೇ ನಾನು ಪಿಯಾನೋದ ಮುಂದೆ ಕೂತುಬಿಟ್ಟಿದ್ದೆ.

ಕೋಟೆ ಸುಸೂತ್ರವಾಗಿ ಮುಗಿಯಿತು. ಗೋರಿಗಳು ಬಂದವು. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಮೂಕ ಕೀಗಳನ್ನು ಬಲವಾಗಿ ಒತ್ತಿದೆ.

ಸುಲ್ತಾನರು ಉತ್ತರ ಕೊಟ್ಟರು! ನಾಲ್ವರೂ ಒಟ್ಟಿಗೆ, ನಾಲ್ಕು ಬೇರೆ ಬೇರೆ ಶ್ರುತಿಯಲ್ಲಿ!

ಎಂಜಿನಿಯರ್ ಕೈಯ ಕಾಫಿ ಅವರ ಬಿಳಿ ಪ್ಯಾಂಟಿನ ಮೇಲೆ ಹೋಯಿತು. ಮುಗಿಯಿತೆಂದು ತಿಳಿದ ಚಂಗಪ್ಪನವರು ಚಪ್ಪಾಳೆ ತಟ್ಟಿದರು. ನಾನು ನಿಲ್ಲಿಸಬೇಕಿತ್ತು. ಬದಲಿಗೆ, ಇನ್ನೂ ಜೋರಾಗಿ ಒತ್ತಿದರೆ ಮೊದಲಿನಂತೆ ಮೂಕವಾಗಬಹುದೆಂದು ಕುಟ್ಟತೊಡಗಿದೆ. ಒಣಗಿದ ಪೆಟ್ಟಿಗೆಯೊಳಗೆ ಢಮ್ ಎಂದು ಒಂದು ತಂತಿ ಕಡಿಯಿತು. ಅದರ ಬೆನ್ನಿಗೇ ಇನ್ನೊಂದು.

ನಮ್ಮ ಕಡೆ ಮನೆಯಿಂದ ಒಂದು ಗುಂಡಿನ ಸದ್ದು ಬಂದರೆ ಗಂಡು ಮಗು ಹುಟ್ಟಿದೆ ಎಂದರ್ಥ. ಒಂದರ ಹಿಂದೆ ಒಂದು ಎರಡು ಬಂದರೆ ಸಾವು. ಸ್ವಲ್ಪ ಹೊತ್ತಿಗೆ ಗದ್ದೆಯಾಚೆಯ ಮನೆಯವರು ಬಿಳಿ ಬಟ್ಟೆ ಉಟ್ಟು ಅಂಗಳಕ್ಕೆ ಬಂದು ತಲೆ ತಗ್ಗಿಸಿ ನಿಂತರು. ಕೂಲಿಯಾಳುಗಳ ಲೈನುಮನೆಗಳ ಹೆಂಗಸರು ಅಳುತ್ತಲೇ ಬಂದರು. ಹೋದದ್ದು ಪಿಯಾನೋ ಎಂದು ಅವರಿಗೆ ಹೇಳುವ ಕೆಲಸ ಸೀತೆಯ ಪಾಲಿಗೆ ಬಂತು.

ನಾನು ಬೆವರೊರೆಸಿಕೊಂಡು ಎಂಜಿನಿಯರ್ ಕಡೆ ತಿರುಗಿ, ಊರಿನ ನೆನಪಾಯಿತೇ ಎಂದು ಕೇಳಿದೆ. ಅವರು ಪ್ಯಾಂಟು ಒರೆಸುತ್ತಾ ಬಹಳ ಮರ್ಯಾದೆಯಿಂದ ಹೇಳಿದರು:

“ಗೌಡ್ರ, ನಮ್ಮ ಬೀದರ್ ಭಾಳ ಶಾಂತ ಊರು ಅದ ನೋಡ್ರಿ. ನೀವು ಬ್ಯಾರೆ ಎಲ್ಲೋ ಇಳಿದೀರಿ.”

ರಸ್ತೆಯ ಮಾತನ್ನು ಅಲ್ಲಿಗೇ ಬಿಟ್ಟು ಅವರನ್ನು ಜೀಪು ಹತ್ತಿಸಿದೆ. ವಾಪಸು ಹೋಗುವಾಗ ಜೀಪು ಕೆಸರಿನಲ್ಲಿ ಹೂತು, ಅವರೂ ಇಳಿದು ತಳ್ಳಿದರು. ಪ್ಯಾಂಟಿನ ಉಳಿದ ಭಾಗವೂ ಮುಗಿಯಿತು. ಮುಂದಿನ ತಿಂಗಳು ಅವರೇ ವರ್ಗ ಕೇಳಿಕೊಂಡು ಹೋದರು. ನನ್ನ ಸಂಗೀತ ಕೇಳಿ ಊರಿನ ಹಂಬಲ ಹೆಚ್ಚಾಯಿತೆಂದು ನಾನು ಹೇಳುತ್ತಾ ಬಂದಿದ್ದೇನೆ. ಇಂದಿಗೂ ಒಬ್ಬರೂ ನಂಬಿಲ್ಲ.

ರಸ್ತೆ ಬರಲಿಲ್ಲ. ಆದರೆ ನನ್ನ ಕೃತಿಯ ಹೆಸರು ಮಾತ್ರ ಉಳಿದಿದೆ. ಜೀಪು ಹೂತ ಆ ಗುಂಡಿಯನ್ನು ಚಂಗಪ್ಪನವರು ‘ಬೀದರ್ ಕೋಟೆ’ ಎಂದು ಕರೆಯುತ್ತಾರೆ. ಈಗ ಊರವರೆಲ್ಲ ಹಾಗೆಯೇ ಕರೆಯುತ್ತಾರೆ.