ಹುಟ್ಟುಹಬ್ಬದ ಕುದುರೆ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಪಕ್ಕದ ಮನೆಯವನ ಕಾರು, ಸಹೋದ್ಯೋಗಿಯ ಬಡ್ತಿ, ಇವು ಮರ್ಯಾದಸ್ಥರು ಕರುಬುವ ಸಂಗತಿಗಳು. ನಾನು ಕರುಬಿದ್ದು ಒಬ್ಬ ಕಾರ್ಟೂನ್ ರಾಜನನ್ನು ಕಂಡು ಎಂದರೆ ನೀವು ನಗುತ್ತೀರಿ. ನಗಿ. ನಿಮ್ಮ ಮಗಳೂ ಪ್ರತಿ ಶುಕ್ರವಾರ, ಅಪ್ಪನಿಗೆ ರಜೆ ಇರುವ ಆ ಒಂದು ಬೆಳಿಗ್ಗೆ, ಟಿ.ವಿ. ಮುಂದೆ ಕುಳಿತು ಅದೇ ರಾಜನಿಗೆ ಮುತ್ತು ತೂರುತ್ತಿದ್ದರೆ ಆಗ ತಿಳಿಯುತ್ತಿತ್ತು.

ಆ ರಾಜ ಬರುವ ಕಾರ್ಟೂನ್ ಸಿನಿಮಾದ ರಾಜಕುಮಾರಿಗೆ ಯಾವ ರಾಜಕುಮಾರನೂ ಬೇಡ. ಬಂದವರನ್ನೆಲ್ಲ ವಾಪಸು ಕಳಿಸಿ, ನನ್ನ ದಾರಿ ನಾನೇ ನೋಡಿಕೊಳ್ಳುತ್ತೇನೆ ಎಂದು ಕುದುರೆ ಹತ್ತಿ ಹೊರಟುಬಿಡುತ್ತಾಳೆ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಅವಳಪ್ಪನ ಮೇಲೆ. ಮಗಳು ಏನೇ ಮಾಡಲಿ, ಆ ಮಹಾರಾಯ ಗುಡಾಣದಂಥ ಹೊಟ್ಟೆ ಕುಣಿಸಿಕೊಂಡು ನಗುತ್ತಾನೆ. ಅವನಿಗೇನು, ನನ್ನ ಹಾಗೆ ಈ ಅರಬರ ನಾಡಿನಲ್ಲಿ ಬೆಳಗಾಗುತ್ತಲೇ ಖೈತಾನಿನಿಂದ ಸಿಟಿಗೆ ಬಸ್ಸು ಹಿಡಿಯಬೇಕೇ, ವಾಸದ ಪರವಾನಗಿ ಇಕಾಮಾ ನವೀಕರಿಸಬೇಕೇ? ಅರಮನೆಯಲ್ಲಿ ಕೂರಿಸಿದರೆ ನಾನೂ ನಗುತ್ತಿದ್ದೆ.

ಈ ಸಲದ ಹುಟ್ಟುಹಬ್ಬಕ್ಕೆ ನಮ್ಮ ಸಾನ್ವಿ ಆ ಸಿನಿಮಾವನ್ನೇ ಮನೆಯಲ್ಲಿ ಆಡಬೇಕೆಂದು ಹಟ ಹಿಡಿದಳು. ರಾಜಕುಮಾರಿ ಅವಳೇ. ಅಪ್ಪ ಎಂದ ಮೇಲೆ ರಾಜ ನಾನೇ ತಾನೆ? ಹಳದಿ ಕಾಗದ ಕತ್ತರಿಸಿ ಕಿರೀಟ ಅಂಟಿಸಿದೆ. ಕನ್ನಡಿಯ ಮುಂದೆ ನಿಂತು ನಗುವುದನ್ನೂ ಅಭ್ಯಾಸ ಮಾಡಿದೆ.

"ಎಂತ, ಹಲ್ಲುನೋವಾ?" ಎಂದಳು ಹೆಂಡತಿ ಶೈಲಾ.

ಸಾನ್ವಿ ಬಂದು ಕಿರೀಟ ಕಿತ್ತುಕೊಂಡಳು. "ನೋ ಪಪ್ಪಾ, ಇಬ್ರಾಹಿಂ ಅಂಕಲ್ ಈಸ್ ದ ಕಿಂಗ್. ಯು ಆರ್ ದ ಹಾರ್ಸ್."

ಇಬ್ರಾಹಿಂ ಭಾಯಿ ಎದುರು ಫ್ಲ್ಯಾಟಿನವರು, ಬಂಟ್ವಾಳ ಕಡೆಯ ಬ್ಯಾರಿ. ಶುವೈಖ್‌ನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ. ಹೆಂಡತಿ ಮಕ್ಕಳು ಊರಲ್ಲಿರುವುದರಿಂದ ಸಂಜೆಯ ಚಹಾ ಹೆಚ್ಚಾಗಿ ನಮ್ಮಲ್ಲೇ. ಗಡ್ಡ, ಹೊಟ್ಟೆ, ನಗು ಎಲ್ಲವೂ ಆ ಸಿನಿಮಾದಿಂದಲೇ ಎದ್ದು ಬಂದ ಹಾಗಿತ್ತು. ಅಲ್ಲಿಯವರೆಗೆ ಅವರನ್ನು ಸಜ್ಜನರೆಂದೇ ತಿಳಿದಿದ್ದೆ.

ಹುಟ್ಟುಹಬ್ಬದ ದಿನ ಅವರು ಸೋಫಾದ ಮೇಲೆ ಕಿರೀಟ ಧರಿಸಿ ಕುಳಿತು ಮನೆ ಅದುರುವಂತೆ ನಕ್ಕರು. ಕಟ್ಟಡದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಾನು ಸೊಂಟಕ್ಕೆ ಶೈಲಾಳ ದುಪಟ್ಟಾವನ್ನು ಬಾಲವಾಗಿ ಕಟ್ಟಿಕೊಂಡು ನಾಲ್ಕು ಕಾಲಿನಲ್ಲಿ ನಿಂತೆ. ಸಾನ್ವಿ ಬೆನ್ನೇರಿ, ಕುತ್ತಿಗೆ ತಬ್ಬಿಕೊಂಡು, "ಯಲ್ಲಾ, ಯಲ್ಲಾ!" ಎಂದು ಅರಬಿಯಲ್ಲಿ ಅವಸರಿಸುತ್ತ ಒದ್ದಳು. ಅಡುಗೆಮನೆಯ ಬಾಗಿಲವರೆಗೆ ಹೋಗಿ ತಿರುಗಿ ನೋಡಿದರೆ ರಾಜರ ನಗು ನಿಂತಿತ್ತು. ಅವರ ಕಣ್ಣು ನನ್ನ ಕುತ್ತಿಗೆ ಬಳಸಿದ ಆ ಪುಟ್ಟ ಕೈಗಳ ಮೇಲಿತ್ತು.

"ನಿಮ್ಮ ಪುಣ್ಯ ಮಾರಾಯ್ರೆ," ಎಂದರು ಮೆಲ್ಲಗೆ. "ನಮ್ಮ ಸಣ್ಣವಳು ನನ್ನನ್ನು ಫೋನಿನಲ್ಲೇ ನೋಡುದು."

ಒಳ್ಳೆಯ ಮನುಷ್ಯನಾಗಿದ್ದರೆ ಮರುಗುತ್ತಿದ್ದ. ನಾನು ಕೆನೆದು, ಬೇಕೆಂದೇ ಸೋಫಾಕ್ಕೆ ತಾಗುವಷ್ಟು ಹತ್ತಿರದಿಂದ ಇನ್ನೊಂದು ಸುತ್ತು ಹೊಡೆದೆ. ಅಷ್ಟು ಸುಖ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಆದರೆ ಬೆನ್ನೇರಿದವಳು ಸ್ವಂತ ಬುದ್ಧಿಯ ರಾಜಕುಮಾರಿ. ನಡುಮನೆಯಲ್ಲೇ ಇಳಿದುಬಿಟ್ಟಳು. "ಪಪ್ಪಾ, ಯು ಆರ್ ಟೂ ಸ್ಲೋ. ಅಂಕಲ್, ನೌ ಯು ಬಿ ದ ಹಾರ್ಸ್."

ಅವಳ ಮಾತು ಮುಗಿಯುವ ಮೊದಲೇ ಇಬ್ರಾಹಿಂ ಭಾಯಿ ನೆಲಕ್ಕಿಳಿದಾಗಿತ್ತು. "ಖಲಾಸ್ ಭಾಯಿ, ನಿಮ್ದಾಯ್ತು," ಎಂದು ಕಿರೀಟ ತೆಗೆದು ನನ್ನ ತಲೆಗಿಟ್ಟರು.

ಹೀಗೆ ನಾನು ರಾಜನಾದೆ. ಕಣ್ಣೆದುರೇ ಹೊಸ ಕುದುರೆ ಮೂರು ಸುತ್ತು ಓಡಿತು. ಮೇಲಿನಿಂದ ಸಾನ್ವಿ ಕೂಗಿದಳು, "ಪಪ್ಪಾ, ಲಾಫ್!"

ನಕ್ಕೆ.

"ಎಂತ, ಪುನಃ ಹಲ್ಲುನೋವಾ?" ಎಂದಳು ಶೈಲಾ.